ಎಲೆಯಚ್ಚು: ಆಟವೋ, ಪಾಠವೋ?

ಕಳೆದ ಜುಲೈ ತಿಂಗಳ ಒಂದು ಮಧ್ಯಾಹ್ನ ಎಂಟನೆಯ ತರಗತಿಯ ಹುಡುಗನೊಬ್ಬನ ತಂದೆ ನಮ್ಮನ್ನು ಕಾಣಲು ಶಾಲೆಗೆ ಬಂದರು. ಕೊಡೆಯನ್ನು ಜಗಲಿಯಲ್ಲಿ ಒರಗಿಸಿ, ಚೀಲದಿಂದ ಮಗನ ಬಿಳಿ ಅಂಗಿಯನ್ನು ತೆಗೆದು ನಮ್ಮ ಮೇಜಿನ ಮೇಲಿಟ್ಟರು. ತೋಳಿನ ತುದಿಯಲ್ಲಿ ಅಂಗೈಯಗಲ ಕಪ್ಪು ಮಸಿ. "ಕನ್ನಡ ಪಿರಿಯಡ್ಡಿನಲ್ಲಿ ಎಲೆಗೆ ಮಸಿ ಬಳಿಯುವ ಕೆಲಸ ಯಾಕೆ ಮಾಸ್ಟ್ರೇ? ಇದಕ್ಕೆ ಪರೀಕ್ಷೆಯಲ್ಲಿ ಎಷ್ಟು ಮಾರ್ಕು ಉಂಟು?" ಎಂದು ಕೇಳಿದರು.

ಅದು ಕೋಪದ ಪ್ರಶ್ನೆಯಾಗಿರಲಿಲ್ಲ. ಅಡಿಕೆ ತೋಟದಲ್ಲಿ ದುಡಿದು ಮಗನನ್ನು ಓದಿಸುತ್ತಿರುವ ತಂದೆಯ ಕಳವಳ ಅದರಲ್ಲಿತ್ತು. "ಮಾರ್ಕು ಒಂದೂ ಇಲ್ಲ" ಎಂದೆವು. ಹೇಳಿದ್ದು ಸತ್ಯವೇ, ಆದರೆ ಅರ್ಧ ಸತ್ಯ. ಉಳಿದರ್ಧವನ್ನು ಎಲ್ಲ ಪೋಷಕರ ಮುಂದೆ ಇಡಬೇಕೆಂದು ತೋರಿದ್ದರಿಂದ ಈ ಸಂಚಿಕೆಯ ಎರಡು ಮೂರು ಪುಟಗಳನ್ನು ಕೇಳಿ ಪಡೆದಿದ್ದೇವೆ. ಆ ಭೇಟಿ ಹೇಗೆ ಮುಗಿಯಿತೆಂಬುದನ್ನು ಕೊನೆಗೆ ಹೇಳುತ್ತೇವೆ.

ಎಲೆಯಚ್ಚು ಎಂದರೆ ಬೇರೇನಲ್ಲ. ಎಲೆಯ ಮೈಗೆ ತೆಳುವಾಗಿ ಮಸಿ ಹಚ್ಚಿ, ಅದರ ಮೇಲೆ ಕಾಗದ ಹಾಸಿ, ಮೆತ್ತಗೆ ಉಜ್ಜಿ ತೆಗೆದರೆ ಎಲೆಯ ಪಡಿಯಚ್ಚು ಕಾಗದದ ಮೇಲೆ ಮೂಡುತ್ತದೆ. ಚಿತ್ರ ಬರೆಯಲು ಕೈ ಪಳಗಿರಬೇಕು. ಅಚ್ಚಿಗೆ ಹಾಗಲ್ಲ, ಚಿತ್ರಕಲೆಯಲ್ಲಿ ಯಾವಾಗಲೂ ಹಿಂದುಳಿಯುವ ಹುಡುಗನಿಗೂ ಅದು ಒಲಿಯುತ್ತದೆ. ಇನ್ನೊಂದು ವಿಶೇಷವೇನೆಂದರೆ, ಅಚ್ಚಿನಲ್ಲಿ ಊಹೆಗೆ ಜಾಗವಿಲ್ಲ. ಮಾವಿನ ಎಲೆ ಬರೆಯಿರಿ ಎಂದರೆ ಮಕ್ಕಳು ನಡುವೆ ಒಂದು ಗೆರೆ, ಎರಡೂ ಕಡೆ ನಾಲ್ಕು ನಾಲ್ಕು ಗೆರೆ ಎಳೆದು ಮುಗಿಸುತ್ತಾರೆ. ಅದೇ ಎಲೆಯ ಅಚ್ಚು ತೆಗೆದು ನರಗಳನ್ನು ಎಣಿಸಿರಿ ಎಂದಾಗ ಒಂದು ಬದಿಯಲ್ಲೇ ಹತ್ತು ಹದಿನೈದು ಸಿಕ್ಕಿ ಬೆರಗಾಗುತ್ತಾರೆ. ಹುಳು ತಿಂದ ತೂತೂ, ಅಂಚಿನ ಹರಕೂ ಇದ್ದುದಿದ್ದಂತೆ ಮೂಡುತ್ತವೆ.

ಈ ಕೆಲಸವನ್ನು ಅನೇಕ ದೇಶಗಳವರು ಮಾಡಿದ್ದಾರಾದರೂ ನಾವು ಅನುಸರಿಸಿದ್ದು ಜಪಾನಿನ ಪದ್ಧತಿಯನ್ನು. ಕಾರಣ ಸರಳ. ಅವರ ಅಚ್ಚಿನ ಕಲೆಗೆ ಯಂತ್ರ ಬೇಡ, ಎಣ್ಣೆಯ ಬಣ್ಣ ಬೇಡ. ಮಸಿ, ನೀರು, ಕಾಗದ ಮತ್ತು ಕೈ, ಇಷ್ಟು ಸಾಕು. ಬಡವರ ಮಕ್ಕಳು ಓದುವ ನಮ್ಮಂಥ ಶಾಲೆಗೆ ಇದಕ್ಕಿಂತ ಹೊಂದುವ ಕಲೆ ಇನ್ನೊಂದಿಲ್ಲ.

ಅವರ ಮಸಿಯ ಹೆಸರು 'ಸುಮಿ'. ನಾರಾ ಎಂಬ ಹಳೆಯ ರಾಜಧಾನಿ ಇದಕ್ಕೆ ಹೆಸರಾದ ಊರು. ಅಲ್ಲಿ ಸಾಲಾಗಿ ಎಣ್ಣೆದೀಪ ಹಚ್ಚಿಟ್ಟು, ಮೇಲೆ ಮಣ್ಣಿನ ಮುಚ್ಚಳ ಕವುಚಿ, ಅದಕ್ಕೆ ಹಿಡಿದ ಕಾಡಿಗೆಯನ್ನು ಕೆರೆದು ತೆಗೆಯುತ್ತಾರೆ. ಪ್ರಾಣಿಗಳ ಚರ್ಮದಿಂದ ಬರುವ ಅಂಟಿನೊಡನೆ ಅದನ್ನು ನಾದಿ, ಮರದ ಅಚ್ಚಿನಲ್ಲಿ ಒತ್ತಿ, ಕಡ್ಡಿಗಳಾಗಿ ಮಾಡಿ ತಿಂಗಳುಗಟ್ಟಲೆ ಒಣಗಿಸುತ್ತಾರೆ. ಬೇಕಾದಾಗ ಆ ಕಡ್ಡಿಯನ್ನು ಕಲ್ಲಿನ ಮೇಲೆ ನೀರು ಹಾಕಿ ತೇಯಬೇಕು, ನಾವು ಗಂಧ ತೇಯುವ ಹಾಗೆ. ಇದನ್ನು ತರಗತಿಯಲ್ಲಿ ಹೇಳಿದಾಗ ಹುಡುಗಿಯೊಬ್ಬಳು, "ನಮ್ಮ ಅಜ್ಜಿ ಕಣ್ಣಿಗೆ ಹಚ್ಚುವ ಕಾಡಿಗೆಯೂ ಹೀಗೆಯೇ ಮಾಡುವುದು" ಎಂದಳು. ಮರುದಿನ ಅವಳೇ ಕರಟದಲ್ಲಿ ಕಾಡಿಗೆ ತಂದಳು. ಅಂಟಿನ ನೀರು ಬೆರೆಸಿ ಅದನ್ನು ಅರೆದೆವು. ಮಸಿ ಎಲೆಯ ಮೇಲೆ ಒಂದೇ ಸಮನೆ ಹರಡಲೆಂದು ಜಪಾನಿನ ಮುದ್ರಕರು ಅಕ್ಕಿಹಿಟ್ಟಿನ ಸರಿಯನ್ನು ಸ್ವಲ್ಪ ಸೇರಿಸುತ್ತಾರೆ. ಅಕ್ಕಿಯ ಗಂಜಿಗೆ ನಮ್ಮಲ್ಲೇನು ಬರವೇ?

ಅವರ ಕಾಗದ 'ವಾಶಿ'. 'ಕೋಝೋ' ಎಂಬ ಗಿಡದ ತೊಗಟೆಯ ನಾರನ್ನು ಬೇಯಿಸಿ, ಜಜ್ಜಿ, ನೀರಿನಲ್ಲಿ ಕದಡಿ, ಅದಕ್ಕೆ ನಮ್ಮ ಬೆಂಡೆಯ ಬಳಗದ ಗಿಡವೊಂದರ ಬೇರಿನ ಲೋಳೆ ಸೇರಿಸಿ, ಬಿದಿರಿನ ಚಾಪೆಯಂಥ ಜರಡಿಯಲ್ಲಿ ಎತ್ತುತ್ತಾರೆ. ನಾರು ಉದ್ದವಾದ್ದರಿಂದ ಒದ್ದೆಯಾದರೂ ಕಾಗದ ಸುಲಭವಾಗಿ ಹರಿಯದು. ಇಂಥ ಕೈಕಾಗದದ ಮೂರು ಪರಂಪರೆಗಳನ್ನು 2014ರಲ್ಲಿ ಯುನೆಸ್ಕೋ ಸಂಸ್ಥೆ ಮನುಕುಲದ ಪರಂಪರೆಯ ಪಟ್ಟಿಗೆ ಸೇರಿಸಿಕೊಂಡಿತು. ಆ ಕಾಗದ ನಮ್ಮ ಕೈಗೆಟುಕುವಂಥದ್ದಲ್ಲ. ನೋಟುಪುಸ್ತಕದ ಹಾಳೆಯಲ್ಲಿ ಅಚ್ಚು ಚೂರುಚೂರಾಗಿ ಬಂತು. ಪತ್ರಿಕೆಯ ಕಾಗದ ಒದ್ದೆಯಾದೊಡನೆ ಹರಿಯಿತು. ಕೊನೆಗೆ ಬಟ್ಟೆಯಂಗಡಿಯಲ್ಲಿ ಸೀರೆಯ ಮಡಿಕೆಗಳ ನಡುವೆ ಇಡುವ ತೆಳುಕಾಗದ ನಮ್ಮ ಕೈಹಿಡಿಯಿತು.

ಉಜ್ಜುವ ಸಾಧನಕ್ಕೆ 'ಬಾರೆನ್' ಎಂದು ಹೆಸರು. ಬಿದಿರಿನ ಕಳಲೆಯ ಪೊರೆಯನ್ನು ಸೀಳಿ ಹೊಸೆದ ಹುರಿಯನ್ನು ಚಕ್ಕುಲಿಯಂತೆ ಸುತ್ತಿ, ಅದರ ಮೇಲೆ ಅಂಥದೇ ಪೊರೆಯನ್ನು ಬಿಗಿದು ಕಟ್ಟಿರುತ್ತಾರೆ. ಅಂಗೈಯೊಳಗೆ ಹಿಡಿಯುವಷ್ಟು ದೊಡ್ಡದು. ನಾವು ಬಿದಿರಿನ ಪೊರೆಗೆ ಬದಲಾಗಿ ಅಡಿಕೆಯ ಹಾಳೆ ತೆಗೆದುಕೊಂಡೆವು. ಹಳೆಯ ಬಟ್ಟೆಯ ಉಂಡೆಯ ಮೇಲೆ ನೆನೆಸಿದ ಹಾಳೆಯ ತೆಳುಪೊರೆಯನ್ನು ಎಳೆದು ಕಟ್ಟಿದಾಗ ಕೆಲಸಕ್ಕೇನೂ ಕೊರತೆಯಾಗಲಿಲ್ಲ.

ಇನ್ನು ವಿಧಾನ. ಎಲೆಯನ್ನು ಒರಸಿ ಒಂದು ರಾತ್ರಿ ಪುಸ್ತಕದ ನಡುವೆ ಇಟ್ಟರೆ ಚಪ್ಪಟೆಯಾಗುತ್ತದೆ. ಅದರ ಹಿಂಬದಿಯನ್ನು ಮೇಲೆ ಮಾಡಿ ಇಡಬೇಕು, ಏಕೆಂದರೆ ನರಗಳು ಉಬ್ಬಿರುವುದು ಅಲ್ಲಿ. ಹಲಸಿನ ಎಲೆಯ ಮುಂಬದಿ ಎಷ್ಟು ನುಣುಪೆಂದರೆ ಮಸಿ ಕೆಸುವಿನೆಲೆಯ ಮೇಲಿನ ನೀರಿನಂತೆ ಜಾರಿಬಿಡುತ್ತದೆ. ಮಸಿ ಕಡಿಮೆಯಾದರೆ ಅಚ್ಚು ಮಂಕು. ಹೆಚ್ಚಾದರೆ ನರಗಳ ನಡುವೆಲ್ಲ ತುಂಬಿ ಬರಿಯ ಕಪ್ಪು ಕಲೆ. ಮೊದಲನೆಯ ದಿನ ನಮ್ಮ ಮಕ್ಕಳೆಲ್ಲ ಹೆಚ್ಚು ಮಸಿ ಬಳಿದರು. ಅಂಗಿಯ ಕಲೆ ಆ ದಿನದ್ದೇ! ಮೂರನೆಯ ವಾರಕ್ಕೆ ಬರುವಾಗ ಯಾರೂ ಹೇಳಿಕೊಡದೆಯೇ ಕುಂಚವನ್ನು ಡಬ್ಬದ ಅಂಚಿಗೆ ಒರಸಿ ಹಚ್ಚುವುದನ್ನು ಕಲಿತಿದ್ದರು. 'ಹಿತಮಿತ' ಎಂಬ ಮಾತಿನ ಅರ್ಥವನ್ನು ನಾವು ಎಷ್ಟು ಸಲ ವಿವರಿಸಿದ್ದೆವೋ ಲೆಕ್ಕವಿಲ್ಲ. ಅವರಿಗೆ ಅದು ತಿಳಿದದ್ದು ಮಸಿಯಿಂದ.

ಇದು ನೇರ ವಿಧಾನ. ಇನ್ನೊಂದು ವಿಧಾನದಲ್ಲಿ ಎಲೆಗೆ ಮಸಿ ಮುಟ್ಟುವುದೇ ಇಲ್ಲ. ಎಲೆಯ ಮೇಲೆ ಒದ್ದೆ ಕಾಗದ ಹಾಸಿ ಒತ್ತಿ, ಅದು ಅರೆಬರೆ ಒಣಗಿದಾಗ, ಹತ್ತಿಯನ್ನು ರೇಷ್ಮೆ ಬಟ್ಟೆಯಲ್ಲಿ ಕಟ್ಟಿದ 'ತಾಂಪೋ' ಎಂಬ ಉಂಡೆಯಿಂದ ಕಾಗದದ ಮೇಲೆಯೇ ಮಸಿ ತಟ್ಟುತ್ತಾರೆ. ಉಬ್ಬಿದಲ್ಲಿ ಮಸಿ ಹಿಡಿಯುತ್ತದೆ, ತಗ್ಗಿದಲ್ಲಿ ಬಿಳಿ ಉಳಿಯುತ್ತದೆ. ಕಲ್ಲಿನ ಬರಹಗಳನ್ನು ಇದೇ ರೀತಿ ಕಾಗದಕ್ಕೆ ಇಳಿಸಿಕೊಳ್ಳುವುದನ್ನು ಅಲ್ಲಿ 'ತಾಕುಹೋನ್' ಎನ್ನುತ್ತಾರೆ.

ಇಲ್ಲಿ ಕನ್ನಡ ಓದುವವರ ಕಿವಿ ನೆಟ್ಟಗಾಗಬೇಕು. ನಮ್ಮ ಶಾಸನಗಳ ಪಡಿಯಚ್ಚು ತೆಗೆಯುವುದೂ ಹೀಗೆಯೇ ಅಲ್ಲವೆ? ಕಲ್ಲನ್ನು ತೊಳೆದು, ಒದ್ದೆ ಕಾಗದ ಹಾಸಿ, ಬ್ರಷ್ಷಿನಿಂದ ಬಡಿದು, ಮೇಲೆ ಮಸಿ ತಟ್ಟಿದಾಗ ಕಪ್ಪಿನ ನಡುವೆ ಬೆಳ್ಳಗೆ ಹಳಗನ್ನಡದ ಅಕ್ಷರಗಳು ಎದ್ದು ಬರುತ್ತವೆ. ಬಿ. ಎಲ್. ರೈಸ್ ಅವರು 1886ರಿಂದ ಹೊರತಂದ 'ಎಪಿಗ್ರಾಫಿಯ ಕರ್ನಾಟಿಕ' ಸಂಪುಟಗಳ ವಿಷಯ ಪಾಠಗಳಲ್ಲಿ ಬರುತ್ತದೆ. ಕಲ್ಲಿನ ಅಕ್ಷರ ವಿದ್ವಾಂಸರ ಮೇಜಿಗೆ ಬಂದದ್ದು ಹೇಗೆಂದು ಮಾತ್ರ ಮಕ್ಕಳು ಕೇಳುವುದಿಲ್ಲ, ನಾವೂ ಹೇಳುವುದಿಲ್ಲ. ಜರೀಗಿಡದ ಎಲೆಯನ್ನು ಈ ರೀತಿ ತಟ್ಟಿ ತೆಗೆದ ಮಗುವಿಗೆ ಅದನ್ನು ಬೇರೆಯಾಗಿ ವಿವರಿಸಬೇಕಾಗಿಲ್ಲ.

ಜಪಾನಿನವರ ಪದ್ಧತಿಯಲ್ಲಿ ನಮಗೆ ಅತ್ಯಂತ ಮೆಚ್ಚುಗೆಯಾದದ್ದು ಅಚ್ಚಿಗಿಂತಲೂ ಅಚ್ಚಿನ ಪಕ್ಕದ ಬರಹ. ಅಲ್ಲಿ ಮೀನಿನ ಅಚ್ಚು ತೆಗೆಯುವ ರೂಢಿಯಿದೆ. ಅದನ್ನು 'ಗ್ಯೋತಾಕು' ಎನ್ನುತ್ತಾರೆ. ಇಂದು ಉಳಿದಿರುವವುಗಳಲ್ಲಿ ಅತಿ ಹಳೆಯದೆಂದು ಹೇಳಲಾಗುವ ಅಚ್ಚು 1839ರದು. ಅದು ಶೋನಾಯ್ ಸೀಮೆಯ ಒಡೆಯರಿಗೆ ಸಂಬಂಧಿಸಿದ್ದು. ಗಾಳ ಹಾಕಿ ಹಿಡಿದ ಮೀನಿಗೆ ಮಸಿ ಹಚ್ಚಿ ಅಚ್ಚು ತೆಗೆದು, ಯಾವ ಮೀನು, ಎಲ್ಲಿ ಹಿಡಿದದ್ದು, ಯಾವ ದಿನ, ಹಿಡಿದವರಾರು, ನೋಡಿದ ಸಾಕ್ಷಿ ಯಾರು ಎಂದು ಪಕ್ಕದಲ್ಲಿ ಬರೆದಿಡುತ್ತಾರೆ. "ಇಷ್ಟುದ್ದ ಮೀನು ಹಿಡಿದೆ" ಎಂದು ಕೈ ಅಗಲಿಸಿ ತೋರಿಸುವವರ ಬಾಯಿ ಅಲ್ಲಿ ನಡೆಯದು, ಕಾಗದವೇ ಸಾಕ್ಷಿ.

ಎಲೆಯ ವಿಷಯಕ್ಕೆ ಬಂದರೆ ನೆನೆಯಬೇಕಾದ ಹೆಸರು ಇತೋ ಕೇಸುಕೆ. 1803ರಲ್ಲಿ ನಗೋಯಾದಲ್ಲಿ ಹುಟ್ಟಿ 1901ರವರೆಗೆ ಬಾಳಿದ ಈತ ವೃತ್ತಿಯಿಂದ ವೈದ್ಯ, ಒಲವಿನಿಂದ ಸಸ್ಯಶಾಸ್ತ್ರಜ್ಞ. ಎಲೆಗೆ ಮಸಿ ಹಚ್ಚಿ ತೆಗೆದ ಅಚ್ಚುಗಳನ್ನು ಅಲ್ಲಿ 'ಇನ್‌ಯೋಝು' ಎನ್ನುತ್ತಿದ್ದರು. ಕೇಸುಕೆ ಅಂಥ ಅಚ್ಚುಗಳನ್ನು ಕೂಡಿಸಿ ಇಟ್ಟಿದ್ದ. ಒಣಗಿಸಿಟ್ಟ ಎಲೆಯನ್ನು ಹುಳು ತಿನ್ನುತ್ತದೆ, ಮುಟ್ಟಿದರೆ ಪುಡಿಯಾಗುತ್ತದೆ. ಅಚ್ಚಿನಲ್ಲಾದರೋ ಎಲೆಯ ನಿಜವಾದ ಅಳತೆ, ಅಂಚು, ನರಗಳ ಕ್ರಮ ಎಲ್ಲವೂ ನಿಲ್ಲುತ್ತವೆ.

ಈತ ಮಾಡಿದ ಇನ್ನೊಂದು ಕೆಲಸ ನಮ್ಮ ವಾದಕ್ಕೆ ಇನ್ನೂ ಹತ್ತಿರವಾದದ್ದು. 1827ರಲ್ಲಿ ನಾಗಸಾಕಿಗೆ ಹೋಗಿ ಸೀಬೋಲ್ಡ್ ಎಂಬ ಜರ್ಮನ್ ವೈದ್ಯನ ಬಳಿ ಕಲಿತ. ಸೀಬೋಲ್ಡ್ ಕೊಟ್ಟ ತುನ್‌ಬೆರಿಯ ಲ್ಯಾಟಿನ್ ಗ್ರಂಥವನ್ನು ಆಧರಿಸಿ 1829ರಲ್ಲಿ ತನ್ನ ಭಾಷೆಯಲ್ಲಿ ಪುಸ್ತಕ ಹೊರತಂದು, ಲಿನ್ನೇಯಸನ ಸಸ್ಯ ವರ್ಗೀಕರಣವನ್ನು ತನ್ನ ಜನರಿಗೆ ಪರಿಚಯಿಸಿದ. ಹೂವಿನ ಭಾಗಗಳಿಗೆ ಅಲ್ಲಿ ಆಗ ಶಾಸ್ತ್ರದ ಹೆಸರುಗಳಿರಲಿಲ್ಲ. ನಾವು ಪರಾಗ ಎನ್ನುವುದಕ್ಕೆ 'ಹೂವಿನ ಪುಡಿ' ಎಂಬರ್ಥದ 'ಕಫುನ್' ಎಂಬ ಮಾತನ್ನು ಕಟ್ಟಿದ. ಕೇಸರ, ಶಲಾಕೆಗಳಿಗೂ ಹೆಸರು ಕೊಟ್ಟ. ಜಪಾನಿನ ಮಕ್ಕಳು ಇಂದಿಗೂ ಶಾಲೆಯಲ್ಲಿ 'ಕಫುನ್' ಎಂದೇ ಓದುತ್ತಾರೆ. ವಿದ್ಯೆ ಹೊರಗಿನದಾದರೂ ಹೆಸರು ಮನೆಯದು. ಎಲೆಯನ್ನು ಕಣ್ಣಾರೆ ನೋಡಿ ಅಚ್ಚು ತೆಗೆದವನಿಗೆ ಹೆಸರು ಕೊಡುವ ಧೈರ್ಯವೂ ಬಂತೆಂದು ನಾವು ತಿಳಿಯುತ್ತೇವೆ.

ಇಲ್ಲಿ ಒಂದು ಆಕ್ಷೇಪಣೆ ಬರಬಹುದು: ಕನ್ನಡ ಶಾಲೆಯಲ್ಲಿ ಜಪಾನಿನ ಕಲೆ ಏಕೆ? ನಮ್ಮ ರಂಗವಲ್ಲಿ, ನಮ್ಮ ಯಕ್ಷಗಾನ ಸಾಲದೆ? ಅವು ಇರಲೇಬೇಕು, ಅವಕ್ಕೂ ಸಮಯ ಸಾಲದೆಂಬುದೇ ನಮ್ಮ ದುಃಖ. ಆದರೆ ಕಲೆ ಗಡಿ ನೋಡಿ ಹುಟ್ಟಿದ್ದಲ್ಲ. ಎಲೆಯಚ್ಚು ತೆಗೆಯುವ ಬಗೆಯನ್ನು ಇಟಲಿಯ ಲಿಯೊನಾರ್ಡೊ ಡ ವಿಂಚಿ ತನ್ನ ಟಿಪ್ಪಣಿಗಳಲ್ಲಿ ಬರೆದಿಟ್ಟಿದ್ದಾನೆ. ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ ಖೋಟಾ ನೋಟುಗಳನ್ನು ತಡೆಯಲು 1730ರ ದಶಕದಿಂದ ತಾನು ಮುದ್ರಿಸಿದ ನೋಟುಗಳ ಮೇಲೆ ನಿಜವಾದ ಎಲೆಯ ಅಚ್ಚನ್ನೇ ಹಾಕಿದ. ಎಲೆಯ ನರಗಳ ಸೂಕ್ಷ್ಮವನ್ನು ಯಾವ ಕಳ್ಳನ ಕೈಯೂ ಕೆತ್ತಲಾರದೆಂಬುದು ಅವನ ನಂಬಿಕೆ. ಜಪಾನಿನವರು ತಾಕುಹೋನ್ ಕಲಿತದ್ದು ಚೀನಾದಿಂದ. 1831ರ ಸುಮಾರಿಗೆ ಹೊಕುಸಾಯ್ ಹೊರತಂದ ಹೆಸರಾಂತ 'ದೊಡ್ಡ ಅಲೆ'ಯ ಮರದಚ್ಚಿಗೆ ಬಳಸಿದ ಕಡುನೀಲಿ ಬರ್ಲಿನ್ನಿನಲ್ಲಿ ಹುಟ್ಟಿದ ಬಣ್ಣ. ತೆಗೆದುಕೊಂಡದ್ದರಿಂದ ಆ ಅಲೆ ಜಪಾನಿನದಲ್ಲದೆ ಹೋಯಿತೆ? ಗಡಿನಾಡಿನ ನಾವು ಇದನ್ನು ಬೇರೆಯವರಿಗಿಂತ ಚೆನ್ನಾಗಿ ಬಲ್ಲೆವು. ಮನೆಯಲ್ಲಿ ಒಂದು ಭಾಷೆ, ಪೇಟೆಯಲ್ಲಿ ಇನ್ನೊಂದು, ಶಾಲೆಯಲ್ಲಿ ಮತ್ತೊಂದು ಆಡಿ ಬೆಳೆದವರು ನಾವು. ನಾವೇ ಕನ್ನಡದಲ್ಲೂ ಮಲೆಯಾಳದಲ್ಲೂ ಓದಿ ಬಂದವರು. ಎರಡನೆಯದು ಮೊದಲನೆಯದನ್ನು ಕೆಡಿಸಿತೆಂದು ನಮಗೆ ಎಂದೂ ಅನಿಸಿಲ್ಲ.

ಎರಡನೆಯ ಆಕ್ಷೇಪಣೆ ಆ ತಂದೆಯದು: ಪರೀಕ್ಷೆ, ಸಮಯ, ಮಾರ್ಕು. ಇದನ್ನು ತಳ್ಳಿಹಾಕುವಂತಿಲ್ಲ. ಎಸ್.ಎಸ್.ಎಲ್.ಸಿ. ಪಾಸಾಗದೆ ಮುಂದಿನ ದಾರಿಯಿಲ್ಲ ಎಂಬುದು ನಮಗೂ ತಿಳಿದಿದೆ. ಆದರೆ ಲೆಕ್ಕ ಹಾಕಿ ನೋಡಿ. ನಾವು ಕೇಳುವುದು ವಾರಕ್ಕೆ ಒಂದು ಪಿರಿಯಡ್, ಅದೂ ಎಂಟು ಮತ್ತು ಒಂಬತ್ತನೆಯ ತರಗತಿಗಳಿಗೆ ಮಾತ್ರ. ಆ ಮುಕ್ಕಾಲು ಗಂಟೆಯಲ್ಲಿ ಆಗುವ ಕೆಲಸ ಕಡಿಮೆಯೇನಲ್ಲ. ಜಪಾನಿನ ಹಳೆಯ ಮರದಚ್ಚುಗಳಲ್ಲಿ ಚಿತ್ರ ಬರೆಯುವವನು, ಕೆತ್ತುವವನು, ಅಚ್ಚೊತ್ತುವವನು, ಹೊರತರುವವನು ಎಂದು ನಾಲ್ವರಿದ್ದರು. ಜಗತ್ತು ನೆನೆಯುವುದು ಚಿತ್ರಕಾರನ ಹೆಸರನ್ನಾದರೂ ಕೆತ್ತುವವನ ಕೈ ತಪ್ಪಿದರೆ ಎಲ್ಲವೂ ಕೆಟ್ಟಂತೆ. ನಾವೂ ನಾಲ್ವರ ಗುಂಪು ಮಾಡಿದೆವು: ಎಲೆ ಹಿಡಿಯುವವನು, ಮಸಿ ಹಚ್ಚುವವನು, ಉಜ್ಜುವವನು, ಬರೆಯುವವನು. ವಾರ ವಾರಕ್ಕೆ ಕೆಲಸ ಬದಲು. ಮಸಿಗೈಯವರು ಕಾಗದ ಮುಟ್ಟಬಾರದು, ಕಾಗದದವರು ಮಸಿ ಮುಟ್ಟಬಾರದು. ಇಬ್ಬರು ಜಗಳವಾಡಿದರೆ ಅಚ್ಚು ಕೆಡುತ್ತದೆಂಬುದನ್ನು ಯಾರೂ ಉಪದೇಶ ಮಾಡಬೇಕಾಗಲಿಲ್ಲ.

ನಾಲ್ಕನೆಯವನ ಕೆಲಸವೇ ಕನ್ನಡದ ಕೆಲಸ. ಮೀನಿನ ಅಚ್ಚಿನಲ್ಲಿದ್ದಂತೆ ಪ್ರತಿಯೊಂದು ಎಲೆಯಚ್ಚಿನ ಕೆಳಗೆ ಐದು ಸಾಲು ಬರೆಯಬೇಕೆಂದು ನಿಯಮ ಮಾಡಿದೆವು: ಕನ್ನಡದ ಹೆಸರು, ಮನೆಮಾತಿನ ಹೆಸರು, ಮರವಿರುವ ಜಾಗ, ತಾರೀಕು, ಹೆಸರು ಹೇಳಿದವರು. ಮಾವಿನ ಎಲೆಗೆ ಕನ್ನಡದಲ್ಲಿ ಮಾವು, ಮಲೆಯಾಳದಲ್ಲೂ ಮಾವು, ತುಳುವಿನಲ್ಲಿ ಮಾತ್ರ ಕುಕ್ಕು. ಹಲಸು ತುಳುವಿನಲ್ಲಿ ಪೆಲ, ಮಲೆಯಾಳದಲ್ಲಿ ಪ್ಲಾವು. ಒಂದೆಲಗವನ್ನು ತುಳುವರು ತಿಮರೆ ಎಂದರೆ ಮಲೆಯಾಳದವರು ಮುತ್ತಿಳ್ ಎನ್ನುತ್ತಾರೆ. ತರಗತಿಯಲ್ಲಿ ಬಾಯಿಬಿಡದೆ ಕೂರುತ್ತಿದ್ದ ಮಕ್ಕಳು "ನಮ್ಮಲ್ಲಿ ಹಾಗಲ್ಲ, ಹೀಗೆ" ಎಂದು ಎದ್ದು ನಿಂತರು. ಕನ್ನಡದಲ್ಲಿ ನಾಲ್ಕು ಸಾಲು ತಪ್ಪಿಲ್ಲದೆ ಬರೆಯಲು ತಿಣುಕುತ್ತಿದ್ದವರು ಒಂದು ವರ್ಷದಲ್ಲಿ ಇಂಥ ನಲವತ್ತು ಪುಟ ಬರೆದಿದ್ದಾರೆ. ಪ್ರಬಂಧ ಬರೆಯಿರಿ ಎಂದಿದ್ದರೆ ನಾಲ್ಕು ಪುಟವೂ ಬರುತ್ತಿರಲಿಲ್ಲ.

ಈಗ ಆ ತಂದೆಯ ಮಾತಿಗೆ ಬರೋಣ. ಅವರ ಮಗ ತೆಗೆದ ಅಚ್ಚು ನಮ್ಮ ಕೋಣೆಯ ಗೋಡೆಯ ಮೇಲಿತ್ತು. ಅಂಡಾಕಾರದ ಎಲೆ; ತೊಟ್ಟಿನ ಬಳಿಯಿಂದಲೇ ಹೊರಟ ದಪ್ಪ ನರಗಳು ಬಾಗಿ ತುದಿಯವರೆಗೆ ಹೋಗುತ್ತಿದ್ದವು. ಕೆಳಗೆ ತಾರೀಕಿತ್ತು, ಜಾಗವಿತ್ತು. ಹೆಸರಿನ ಎದುರಿಗೆ ಮಾತ್ರ 'ಗೊತ್ತಿಲ್ಲ' ಎಂದು ಬರೆದಿತ್ತು. ಹುಡುಗನಿಗೆ ಗೊತ್ತಿರಲಿಲ್ಲ, ತರಗತಿಗೆ ಗೊತ್ತಿರಲಿಲ್ಲ. ನಾಚಿಕೆಯಿಂದ ಹೇಳುತ್ತೇವೆ, ನಮಗೂ ಗೊತ್ತಿರಲಿಲ್ಲ. ಅಂಗಿಯನ್ನು ಮಡಚಿ ಚೀಲಕ್ಕೆ ಹಾಕಿಕೊಂಡು ಎದ್ದ ಆ ತಂದೆ ಗೋಡೆಯ ಕಡೆ ತಿರುಗಿ, "ಇದು ಕಾಯೆರ್ ಅಲ್ಲವೋ? ಕಾಸರಕ. ಮಲೆಯಾಳದವರು ಕಾಂಜಿರ ಎಂದು ಹೇಳುವುದು. ಕಾಯಿ ವಿಷ, ಮಕ್ಕಳಿಗೆ ಹೇಳಿ ಮಾಸ್ಟ್ರೇ" ಎಂದರು. ಒಂದು ಕ್ಷಣವೂ ತಡೆಯಲಿಲ್ಲ.

ಕಾಸರಗೋಡು ಎಂಬ ಹೆಸರಿಗೆ ಹೇಳುವ ವಿವರಣೆಗಳಲ್ಲಿ ಒಂದು ಈ ಮರವನ್ನೇ ಹಿಡಿದು ಹೊರಡುತ್ತದೆ. ಆ ವಿವರಣೆಯನ್ನು ನಾವು ಮಕ್ಕಳಿಗೆ ಎಷ್ಟೋ ವರ್ಷ ಪಾಠ ಮಾಡಿದ್ದೇವೆ, ಎಲೆಯನ್ನು ಮಾತ್ರ ಗುರುತಿಸಲಾರದೆ ಹೋದೆವು. ಪದ ನಮ್ಮಲ್ಲಿತ್ತು, ಮರ ಅವರಲ್ಲಿತ್ತು. ಎರಡನ್ನೂ ಒಂದೇ ಕಾಗದದ ಮೇಲೆ ತಂದದ್ದು ಹುಡುಗನ ಮಸಿಗೈ. ಅವರನ್ನು ಕೂರಿಸಿ ಮಗನ ಅಚ್ಚಿನ ಕೆಳಗೆ ಹೆಸರು ತುಂಬಿಸಿದೆವು. 'ಹೆಸರು ಹೇಳಿದವರು: ತಂದೆ' ಎಂದು ಹುಡುಗ ಬರೆಯುವಾಗ ಅವರು ನಿಂತು ನೋಡಿದರು.

ಆದುದರಿಂದ ನಮ್ಮ ಅಭಿಪ್ರಾಯವಿಷ್ಟು. ಕನ್ನಡದ ಮಾತುಗಳು ಕೇವಲ ಪುಸ್ತಕದಲ್ಲಿ ಉಳಿದರೆ ಸಾಲದು. ಆ ಮಾತುಗಳು ಸೂಚಿಸುವ ವಸ್ತುಗಳನ್ನು ಮಕ್ಕಳು ಕಣ್ಣಿಂದ ಕಂಡು ಕೈಯಿಂದ ಮುಟ್ಟಬೇಕು. ಹೆದ್ದಾರಿ ಅಗಲವಾಗುವಾಗ ದಾರಿಬದಿಯ ಎಷ್ಟೋ ಮರಗಳು ಹೋದದ್ದನ್ನು ನಾವೆಲ್ಲ ಕಂಡಿದ್ದೇವೆ. ಮರದ ಹಿಂದೆಯೇ ಅದರ ಹೆಸರೂ ಹೋಗುತ್ತದೆ. ಅದು ಬೀಳುವ ಸದ್ದು ಮಾತ್ರ ಕೇಳಿಸುವುದಿಲ್ಲ. ಎಲೆಯಚ್ಚಿನ ಪಿರಿಯಡ್ ನಮ್ಮ ವೇಳಾಪಟ್ಟಿಯಲ್ಲಿ ಖಾಯಂ ಆಗಲಿ. ಪ್ರತಿ ವರ್ಷದ ಅಚ್ಚುಗಳನ್ನು ಹೊಲಿದು ಒಂದು ಪುಸ್ತಕ ಮಾಡಿ ವಾಚನಾಲಯದಲ್ಲಿ ಇಡೋಣ.

ಪೋಷಕ ಬಂಧುಗಳಲ್ಲಿ ನಮ್ಮ ಬೇಡಿಕೆ ದೊಡ್ಡದೇನಲ್ಲ. ಆ ದಿನಕ್ಕೆ ಹಳೆಯ ಅಂಗಿಯೊಂದನ್ನು ಕೊಟ್ಟು ಕಳುಹಿಸಿರಿ. ಮಗು ಎಲೆ ಹಿಡಿದು ಬಂದು ಹೆಸರು ಕೇಳಿದರೆ "ಓದಿಕೋ ಹೋಗು" ಎನ್ನದೆ ಗೊತ್ತಿದ್ದುದನ್ನು ಹೇಳಿರಿ. ಯಾವ ಭಾಷೆಯಲ್ಲಾದರೂ ಸರಿ. ಅಜ್ಜ ಅಜ್ಜಿಯರಿದ್ದರೆ ಅವರ ಬಳಿಗೆ ಕಳುಹಿಸಿರಿ. ಮಕ್ಕಳೇ, ನೀವು ಬಿದ್ದ ಎಲೆಯನ್ನೇ ಆರಿಸಿರಿ, ಕೊಂಬೆ ಮುರಿಯಬೇಡಿರಿ. ಚೇರಿನ ಮರದ ಹತ್ತಿರ ಹೋಗಬೇಡಿರಿ, ಅದರ ಸೊನೆ ತಾಗಿದರೆ ಮೈ ಬೊಬ್ಬೆ ಏಳುತ್ತದೆ. ಕೆಲಸ ಮುಗಿದ ಮೇಲೆ ಕೈಯನ್ನು ಸಾಬೂನು ಹಾಕಿ ತೊಳೆಯಿರಿ.

ನಮ್ಮ ಪುಸ್ತಕದಲ್ಲಿ ಇನ್ನೂ ಹನ್ನೊಂದು ಎಲೆಗಳ ಎದುರಿಗೆ 'ಗೊತ್ತಿಲ್ಲ' ಎಂದು ಬರೆದಿದೆ. ಅದು ಸಿಬ್ಬಂದಿ ಕೋಣೆಯ ಕಿಟಕಿಯ ಪಕ್ಕದ ಮೇಜಿನ ಮೇಲಿರುತ್ತದೆ. ಶಾಲೆಗೆ ಬಂದವರು ದಯವಿಟ್ಟು ಒಮ್ಮೆ ತಿರುವಿ ನೋಡಬೇಕು. ಹೆಸರು ಗೊತ್ತಿದ್ದವರು ಹೇಳಬೇಕು. ಬರೆದುಕೊಳ್ಳಲು ನಮ್ಮ ಮಕ್ಕಳಿದ್ದಾರೆ.